ಅಮಾಸಿಗೆ ಉಕ್ಕಡಗಾತ್ರಿಗೆ ಹೊರಟವರ ಜೊತೆ ಎರಡು ಮಾತು

ಈ ಅಮಾಸಿಗೆ ಉಕ್ಕಡಗಾತ್ರಿಗೆ ಹೊರಟಿದ್ದೀರಂತಲ್ರೀ. ನಿನ್ನೆ ಅರ್ಧ ಹೇಳಿ, ಕುಕ್ಕರ್ ಕೂಗ್ತು ಅಂತ ಒಳಗೆ ಹೋದ್ರಿ. ಆಮೇಲೆ ನನಗೆ ಅದೇ ಯೋಚನೆ. ನಿಮ್ಮ ನಾದಿನಿ ಮಗಳು ಬಂದಾಗಿನಿಂದ ನಿಮ್ಮನೆ ಹಿತ್ತಲ ದೀಪ ರಾತ್ರಿಯೆಲ್ಲ ಉರೀತಿರೋದು ನೋಡ್ತಿದ್ದೀನಿ. ಬನ್ನಿ, ಸೊಪ್ಪು ಸೋಸೋದಿದ್ರೆ ಇಲ್ಲೇ ಕಾಂಪೌಂಡ್ ಮೇಲೆ ಮೊರ ಇಟ್ಕೊಂಡು ಸೋಸಿ. ಮಾತಾಡ್ತಾ ಕೆಲಸ ಆಗುತ್ತೆ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಹೋಗಬೇಡಿ ಅನ್ನೋಕೆ ಕರೆದಿದ್ದಲ್ಲ. ಓದಿದೋರು ಕೆಲವರು ಉಕ್ಕಡಗಾತ್ರಿ ಅಂದ ಕೂಡಲೇ ಮುಖ ತಿರುಗಿಸ್ತಾರೆ. ನನಗೆ ಹಾಗನ್ನಿಸಲ್ಲ. ನಾನೂ ಹೋಗಿ ಬಂದೋಳೇ. ತುಂಗಭದ್ರೆ ದಂಡೆಯ ಆ ಗದ್ದುಗೆಯ ಕರಿಬಸವೇಶ್ವರ ಅಜ್ಜಯ್ಯ ಅಂದ್ರೆ ನಮ್ಮ ಕಡೆ ದೂರದ ದೇವರಲ್ಲ. ಅಜ್ಜ ಅಂತೀವಿ, ಅಯ್ಯ ಅಂತೀವಿ, ಮನೆ ಹಿರೀಕನ ಹತ್ತಿರ ಹೇಳ್ಕೊಂಡ ಹಾಗೆ ಹೇಳ್ಕೊತೀವಿ. ದನ ಕಳೆದರೂ ಅಜ್ಜಯ್ಯ, ಮಗುವಿಗೆ ಜ್ವರ ಇಳೀದಿದ್ದರೂ ಅಜ್ಜಯ್ಯ, ಮಗಳಿಗೆ ಗಾಳಿ ಸೋಕಿದ್ರೂ ಅಜ್ಜಯ್ಯ.

ಅಮಾಸಿ ಅಂದ್ರೆ ಹೊರಗಡೆ ಊರೋರು ಹೆದರ್ತಾರೆ, ಪ್ರಯಾಣ ಬೇಡ, ಶುಭಕಾರ್ಯ ಬೇಡ ಅಂತಾರೆ. ನಮ್ಮ ಬಯಲುಸೀಮೆ ಲೆಕ್ಕವೇ ಬೇರೆ. ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಬೆನಕನ ಅಮಾಸಿ, ಮಹಾಲಯ, ದೀಪಾವಳಿ, ಎಳ್ಳಮಾಸಿ, ಅವರಾತ್ರಿ ಅಮಾಸಿ ಅಂತ ವರ್ಷವನ್ನೇ ಅಮಾಸಿ ಹಿಡ್ಕೊಂಡು ಎಣಿಸ್ತೀವಿ. ದಾವಣಗೆರೆ ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲಿಗೆ ಕಾಯಿ ಒಡೆಯೋದೂ ಅವತ್ತೇ, ಲಾರಿ ಗಾಲಿಗೆ ನಿಂಬೆಹಣ್ಣು ಇಡೋದೂ ಅವತ್ತೇ. ಚಂದ್ರ ಇಲ್ಲದ ರಾತ್ರಿ ದೇವರನ್ನ ಹೆಚ್ಚು ನೆನೀಬೇಕು ಅನ್ನೋದು ನನಗೆ ಬಹಳ ಸರಿ ಅನ್ನಿಸುತ್ತೆ.

ಹರಿಹರದಿಂದ ಮಲೇಬೆನ್ನೂರು ಕಡೆ ಹೋಗುವಾಗ ಭದ್ರಾ ನಾಲೆ ನೀರಿನ ಗದ್ದೆಗಳು ಸಿಗ್ತಾವಲ್ಲ, ಅಮಾಸಿ ದಿನ ಆ ರಸ್ತೆ ಮೇಲೆ ಹೋಗೋ ಬಸ್ಸು, ಟ್ರ್ಯಾಕ್ಟರು, ಟೆಂಪೋ ನೋಡಿ. ಒಂದೊಂದರಲ್ಲೂ ಒಂದೊಂದು ಮನೆತನವೇ ಕೂತಿರುತ್ತೆ. ಅಜ್ಜಿ, ಅತ್ತೆ, ಸೋದರಮಾವ, ಎಳೆ ಕೂಸು, ಬುತ್ತಿ ಗಂಟು, ಸೀಮೆ ಚಾಪೆ. ನಡುವೆ ಒಬ್ಬಳು ತಲೆ ತಗ್ಗಿಸಿಕೊಂಡು ಕೂತಿರ್ತಾಳೆ. ಅಥವಾ ಒಬ್ಬ ಹುಡುಗ, ಕಣ್ಣು ಎಲ್ಲೋ ನೆಟ್ಟು. ಆ ಒಬ್ಬರಿಗಾಗಿ ಹತ್ತು ಜನ ಕೂಲಿ ಬಿಟ್ಟು ಬಂದಿರ್ತಾರೆ. ಆಸ್ಪತ್ರೆಗೆ ಹೋಗುವಾಗ ಒಬ್ಬರು ಜೊತೆಗೆ ಬಂದರೆ ಹೆಚ್ಚು. ಉಕ್ಕಡಗಾತ್ರಿಗಾದರೆ ಬಳಗವೇ ಬರುತ್ತೆ. ನನ್ನ ಮಟ್ಟಿಗೆ ಅಜ್ಜಯ್ಯನ ದೊಡ್ಡ ಪವಾಡ ಇದೇ. ನೊಂದ ಒಬ್ಬ ಜೀವದ ಸುತ್ತ ಮನೆಯವರನ್ನೆಲ್ಲ ತಂದು ಕೂರಿಸ್ತಾನೆ.

ನಮ್ಮ ಚಿಕ್ಕಮ್ಮನ ಕತೆ ನಿಮಗೆ ಹೇಳಿಲ್ಲ ಅನ್ಸುತ್ತೆ. ಹೆರಿಗೆ ಆಗಿ ಎರಡು ವಾರಕ್ಕೆ ನಿದ್ದೆ ಹೋಯ್ತು. ಕೂಸಿನ ಮುಖ ನೋಡಿ ಇದು ನಂದಲ್ಲ ಅಂತಿದ್ಲು, ಮಧ್ಯರಾತ್ರಿ ಎದ್ದು ಬಾಗಿಲು ತೆಗೀತಿದ್ಲು. ಬಾಣಂತಿ ಸನ್ನಿ ಅಂದ್ರು ಕೆಲವರು, ಗಾಳಿ ಅಂದ್ರು ಕೆಲವರು. ನಮ್ಮಜ್ಜಿ ಒಂದು ಮಾತೂ ಆಡದೆ ಕೂಸನ್ನ ಸೊಂಟಕ್ಕೆ ಕಟ್ಕೊಂಡು, ಮಗಳ ಕೈ ಹಿಡ್ಕೊಂಡು ಉಕ್ಕಡಗಾತ್ರಿಗೆ ಹೋದ್ಲು. ಅಲ್ಲೇ ಉಳಿದ್ರು. ಬೆಳಿಗ್ಗೆ ಹೊಳೆ ಸ್ನಾನ, ಒದ್ದೆ ಬಟ್ಟೆಯಲ್ಲಿ ಗದ್ದುಗೆ ಪ್ರದಕ್ಷಿಣೆ, ಹಣೆಗೆ ವಿಭೂತಿ, ಮಧ್ಯಾಹ್ನ ಊಟ, ಅಂಗಳದಲ್ಲೇ ಮಲಗೋದು. ಸುತ್ತ ಅಂಥದೇ ಕಷ್ಟ ಹೊತ್ತು ಬಂದ ಬೇರೆ ಬೇರೆ ಊರಿನ ಹೆಂಗಸರು. ರಾಣೆಬೆನ್ನೂರು ಕಡೆಯ ಒಬ್ಬ ತಾಯಿ ಇವಳಿಗೆ ತಲೆ ಬಾಚೋಳಂತೆ. ಯಾರೂ ಇವಳನ್ನ ವಿಚಿತ್ರವಾಗಿ ನೋಡಲಿಲ್ಲ ಅನ್ನೋದನ್ನೇ ಚಿಕ್ಕಮ್ಮ ಇವತ್ತಿಗೂ ನೆನೆಸ್ಕೊಳ್ತಾಳೆ. ಅಲ್ಲಿ ಸ್ವಲ್ಪ ನಿದ್ದೆ ಬಂತು. ವಾಪಸ್ ಬಂದಮೇಲೆ ದೊಡ್ಡ ಡಾಕ್ಟರ ಹತ್ತಿರ ಮಾತ್ರೆ ಶುರುವಾಯ್ತು, ಪೂರ್ತಿ ಹುಷಾರಾದ್ಲು. ಅಜ್ಜಿ ಕೊನೇವರೆಗೂ ಅಜ್ಜಯ್ಯ ಅಂದ್ಲು, ಮಾವ ಮಾತ್ರೆ ಅಂದ. ಅವರಿಬ್ಬರಿಗೂ ಅದರ ಮೇಲೆ ಜಗಳ ಆಗಿದ್ದು ನಾನು ನೋಡಲಿಲ್ಲ. ಮಾತ್ರೆ ಡಬ್ಬಿ ದೇವರ ಗೂಡಿನಲ್ಲೇ, ಅಜ್ಜಯ್ಯನ ಫೋಟೊ ಪಕ್ಕದಲ್ಲೇ ಇರ್ತಿತ್ತು. ವಿಭೂತಿ ಹಚ್ಚಿದ ಕೈಯೇ ಮಾತ್ರೆ ಕೊಡ್ತಿತ್ತು.

ಒಂದು ವಿಷಯ ನಾನು ಬಹಳ ದಿನದಿಂದ ಯೋಚನೆ ಮಾಡಿದ್ದೀನಿ, ಕೇಳಿ. ಗಾಳಿ ಸೋಕಿದೆ ಅಂತೀವಲ್ಲ, ಅದರಲ್ಲಿ ಒಂದು ಕರುಣೆ ಇದೆ. ತಪ್ಪು ಆ ಹುಡುಗೀದಲ್ಲ. ಅತ್ತೆ ಮೇಲೆ ಕೂಗಾಡಿದ್ದು ಅವಳಲ್ಲ, ಪಾತ್ರೆ ಎಸೆದದ್ದು ಅವಳಲ್ಲ, ಅವಳ ಮೈ ಹೊಕ್ಕ ಯಾವುದೋ ಒಂದು. ಅಜ್ಜಯ್ಯನ ಮುಂದೆ ಅದು ಬಾಯಿ ಬಿಡುತ್ತೆ. ಬಾಯಿ ಬಿಟ್ಟಾಗ ಬರೋ ಮಾತು ಕೇಳಿದ್ದೀರಾ? ನನಗೆ ಊಟ ಹಾಕಲಿಲ್ಲ, ತವರಿಗೆ ಕಳಿಸಲಿಲ್ಲ, ನನ್ನ ಬಂಗಾರ ಅಡ ಇಟ್ಟ, ಹೆಣ್ಣು ಹೆತ್ತೆ ಅಂತ ಬೈದರು. ಮನೇಲಿ ಆಡಿದ್ರೆ ಹಲ್ಲು ಉದುರಿಸ್ತಿದ್ರು. ಅಲ್ಲಿ ಅದೇ ಮಾತನ್ನ ಗಂಡ, ಅತ್ತೆ, ಮಾವ ಎಲ್ಲ ಕೈ ಮುಗಿದು ನಿಂತು ಕೇಳ್ತಾರೆ. ಆಯ್ತು, ಇನ್ಮೇಲೆ ಹಾಗೆ ಮಾಡಲ್ಲ, ಬಿಟ್ಟು ಹೋಗು ಅಂತ ಬೇಡ್ಕೊಳ್ತಾರೆ. ಆ ಹೆಣ್ಣಿಗೆ ಅಷ್ಟು ಜನರ ಮುಂದೆ ನ್ಯಾಯ ಸಿಗೋ ಜಾಗ ಬೇರೆ ಯಾವುದಿದೆ ಹೇಳಿ? ಆಮೇಲೆ ಅದು ಬಿಟ್ಟು ಹೋಯ್ತು ಅಂದ್ರೆ ಹೋಯ್ತು. ಅವಳು ಹಳೇ ಸೊಸೆಯಾಗಿಯೇ ಮನೆಗೆ ವಾಪಸ್ ಬರ್ತಾಳೆ. ಊರಲ್ಲಿ ಹುಚ್ಚಿ ಅಂತ ಒಂದು ಸಲ ಹೆಸರು ಬಿದ್ದರೆ ನೋಡಿ, ಅದು ಬಿಟ್ಟು ಹೋಗಲ್ಲ. ಮದುವೆ ಮಾತುಕತೆವರೆಗೂ, ಮಕ್ಕಳ ಮದುವೆ ಮಾತುಕತೆವರೆಗೂ ಬೆನ್ನು ಹತ್ತುತ್ತೆ. ಹಳ್ಳಿಯ ತಾಯಿ ಮಗಳನ್ನ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗದೆ ಅಜ್ಜಯ್ಯನ ಹತ್ತಿರ ಯಾಕೆ ಕರ್ಕೊಂಡು ಬರ್ತಾಳೆ ಅನ್ನೋದು ನನಗೆ ಅರ್ಥ ಆಗೋದು ಹೀಗೆ. ಆಕೆ ಮಗಳ ಮರ್ಯಾದೆ ಕಾಯ್ತಿದ್ದಾಳೆ.

ಇದನ್ನ ನಾನೊಬ್ಬಳೇ ಹೇಳೋದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಅನ್ನೋ ಮನೋವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ಅನ್ನೋ ಒಂದು ಗುಡಿಯಲ್ಲಿ ಉಳಿಯೋಕೆ ಬಂದ 31 ಜನ ರೋಗಿಗಳನ್ನ ಬಂದಾಗಲೂ ಹೋಗುವಾಗಲೂ ಪರೀಕ್ಷೆ ಮಾಡಿದ್ರು. ಅಲ್ಲಿ ಮಾತ್ರೆ ಇಲ್ಲ, ವಿಶೇಷ ಮಂತ್ರತಂತ್ರವೂ ಇಲ್ಲ. ಬೆಳಿಗ್ಗೆ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರೊಬ್ಬರು. ಕಾಯಿಲೆ ತೀವ್ರತೆ ಹೆಚ್ಚುಕಡಿಮೆ ನೂರಕ್ಕೆ 20ರಷ್ಟು ಇಳಿದಿತ್ತು. ಗುಡಿಯ ನೆಮ್ಮದಿ, ಹೆದರಿಸದ ವಾತಾವರಣ, ಅದೇ ಕಾರಣ ಇರಬೇಕು ಅಂತ 2002ರಲ್ಲಿ ಬರೆದ್ರು, ಬ್ರಿಟನ್ನಿನ ದೊಡ್ಡ ವೈದ್ಯಪತ್ರಿಕೆಯಲ್ಲಿ. 31 ಜನ ಅಂದ್ರೆ ಸಣ್ಣ ಲೆಕ್ಕ, ಗುಡಿಗೆ ಬಾರದೋರ ಜೊತೆ ಹೋಲಿಸಿ ನೋಡಿದ್ದೂ ಅಲ್ಲ. ಹಾಗಂತ ತಳ್ಳಿಹಾಕೋ ಮಾತೂ ಅಲ್ಲ. ಅದಕ್ಕೂ ಮುಂಚೆ ನಮ್ಮ ಕರಾವಳಿಯ ಕೋಟದಲ್ಲಿ, ಕಾರಂತರು ಹುಟ್ಟಿದ ಊರಲ್ಲಿ, ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅನ್ನೋ ಇಬ್ಬರು ಮನೋವೈದ್ಯರು ಜನರ ಮನಸ್ಸಿನ ಕಷ್ಟ ಹೇಗೆ, ಯಾರ ಹತ್ತಿರ ಹೇಳ್ಕೊಳ್ತಾರೆ ಅಂತ ಮನೆ ಮನೆಗೆ ಹೋಗಿ ಕೇಳಿದ್ರು. 1976ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿನ ಜನ ದೈವ ಮೈಮೇಲೆ ಬರೋ ಪಾತ್ರಿ ಹತ್ತಿರಾನೂ ಹೋಗ್ತಿದ್ರು, ಮಂತ್ರವಾದಿ ಹತ್ತಿರಾನೂ ಹೋಗ್ತಿದ್ರು, ಡಾಕ್ಟರ ಹತ್ತಿರಾನೂ ಹೋಗ್ತಿದ್ರು. ನಮ್ಮಜ್ಜಿ ಮಾಡಿದ್ದೂ ಅದನ್ನೇ ಅಲ್ವೇನ್ರೀ.

ನಮ್ಮ ಹರಿಹರ ಸುತ್ತಮುತ್ತ ಹೀಗೆ ಎರಡನ್ನ ಒಂದು ಮಾಡಿಕೊಳ್ಳೋದು ಹೊಸದೇನಲ್ಲ. ಹೊಯ್ಸಳರ ಕಾಲದಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿ, ಸುಮಾರು 800 ವರ್ಷ ಆಯ್ತು, ಅದರೊಳಗೆ ಹರಿ ಅರ್ಧ, ಹರ ಅರ್ಧ ನಿಂತಿದ್ದಾನೆ. ಅದೇ ಊರಲ್ಲಿ ಆರೋಗ್ಯಮಾತೆ ಚರ್ಚು. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಬೀದಿ ಹೆಂಗಸರೂ ಮೇಣದ ಬತ್ತಿ ಹಚ್ಚೋಕೆ ಹೋಗ್ತಾರೆ, ಹೆಸರಲ್ಲೇ ಆರೋಗ್ಯ ಇರೋ ತಾಯಿ ಅಂತ. ನಾನೂ ಹಚ್ಚಿದ್ದೀನಿ.

ಆದರೆ ಈಗ ಹೇಳೋದನ್ನ ಮನಸ್ಸಿಟ್ಟು ಕೇಳಿ. ನಿಮ್ಮ ನಾದಿನಿ ಮಗಳ ಮಾತ್ರೆ ಇದೆ ಅಂದ್ರಲ್ಲ ನಿನ್ನೆ. ಅಜ್ಜಯ್ಯನ ಹತ್ತಿರ ಹೋಗ್ತಿದ್ದೀವಿ, ಇನ್ನು ಮಾತ್ರೆ ಯಾಕೆ ಅಂತ ನಿಲ್ಲಿಸಬೇಡಿ. ದಯವಿಟ್ಟು ನಿಲ್ಲಿಸಬೇಡಿ. ಈ ಮಾತ್ರೆಗಳು ತಲೆನೋವಿನ ಮಾತ್ರೆ ಥರ ಅಲ್ಲ. ಎಷ್ಟೋ ಮಾತ್ರೆ ಕೆಲಸ ಶುರು ಮಾಡೋಕೇ ಎರಡು ಮೂರು ವಾರ ಬೇಕು, ಹುಷಾರಾದ ಮೇಲೂ ತಿಂಗಳುಗಟ್ಟಲೆ ನುಂಗ್ಬೇಕು, ನಡುವೆ ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಬಿಡೋದಾದ್ರೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡಬೇಕು. ಅಜ್ಜಯ್ಯ ಮಾತ್ರೆ ಬೇಡ ಅಂದಿಲ್ಲ. ಬೇಡ ಅನ್ನೋದು ಪಕ್ಕದಲ್ಲಿ ಕೂತು ಬುದ್ಧಿ ಹೇಳೋ ಜನ. ಗದ್ದುಗೆ ಮುಂದೆ ನಿಂತು, ಅಜ್ಜಯ್ಯಾ, ಈ ಮಾತ್ರೆ ನಾಟೋ ಹಾಗೆ ಮಾಡು ಅಂತ ಬೇಡ್ಕೊಳ್ಳಿ. ಅದಕ್ಕಿಂತ ಒಳ್ಳೇ ಹರಕೆ ಯಾವುದೂ ಇಲ್ಲ.

ಮತ್ತೆ, ಯಾರಾದ್ರೂ ಹೊಡೆದು ಬಿಡಿಸ್ತೀನಿ, ಕಟ್ಟಿ ಹಾಕಿ, ಮೆಣಸಿನಕಾಯಿ ಹೊಗೆ ಹಾಕಿ ಅಂದ್ರೆ, ಅದು ಊರಿನ ಹಿರಿಯರೇ ಆಗಿರಲಿ, ಒಪ್ಕೋಬೇಡಿ. ಗಾಳಿ ಅನ್ನೋ ನಂಬಿಕೆಯಲ್ಲಿ ಕರುಣೆ ಇದೆ ಅಂದೆನಲ್ಲ, ಕೈಗೆ ಕೋಲು ಬಂದ ಕ್ಷಣ ಆ ಕರುಣೆ ಸತ್ತುಹೋಗುತ್ತೆ. ಪೆಟ್ಟು ತಿನ್ನೋದು ದೆವ್ವ ಅಲ್ಲ, ಅದೇ ಹುಡುಗಿ ಬೆನ್ನು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಹತ್ತಿರದ ಒಂದು ಖಾಸಗಿ ಮನೆಯಲ್ಲಿ ಮನೋರೋಗಿಗಳನ್ನ ಸರಪಳಿ ಹಾಕಿ ಇಟ್ಟಿದ್ರು. 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡೋಕಾಗದೆ 28 ಜನ ಸುಟ್ಟುಹೋದ್ರು. ಪೇಪರಲ್ಲಿ ಓದಿದಾಗ ನನಗೆ ಅನ್ನ ಸೇರಲಿಲ್ಲ. ಈಗ ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನ ಎಲ್ಲಿದ್ದರೂ ನಿಷೇಧ ಮಾಡುತ್ತೆ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸೋ ಹೆಸರಲ್ಲಿ ಹೊಡೆಯೋದು, ಕಟ್ಟೋದು ಅಪರಾಧ. ಆ ಕಾಯ್ದೆ ಬಂದಾಗ ದೇವರಿಗೇ ಅಡ್ಡ ಬಂದ್ರು ಅಂತ ಎಷ್ಟು ಗಲಾಟೆ ಆಯ್ತು! ಯಾತ್ರೆ, ಪ್ರದಕ್ಷಿಣೆ, ಭಜನೆ ಯಾವುದಕ್ಕೂ ಅದರಲ್ಲಿ ಅಡ್ಡಿ ಇಲ್ಲ. ನೀವು ಒದ್ದೆ ಸೀರೆಯಲ್ಲಿ ಎಷ್ಟು ಸುತ್ತು ಬೇಕಾದ್ರೂ ಹಾಕಿ.

ಪ್ರಾರ್ಥನೆ, ಮಾತ್ರೆ ಎರಡನ್ನೂ ಒಂದೇ ಕಡೆ ಇಟ್ಟ ಜಾಗವೂ ಇದೆ ಕೇಳಿ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಅಂತ ಇದೆ. ನಮ್ಮ ಉಕ್ಕಡಗಾತ್ರಿ ಥರಾನೇ, ಗಾಳಿ ಸೋಕಿದೋರನ್ನ ಕರ್ಕೊಂಡು ಬರ್ತಾರೆ. ಅಲ್ಲಿ ಮನೋವೈದ್ಯರು ದರ್ಗಾದ ಆವರಣದಲ್ಲೇ ಕೂರೋ ವ್ಯವಸ್ಥೆ ಮಾಡಿದ್ರು. ದವಾ ಔರ್ ದುವಾ ಅಂತಾರೆ ಅದನ್ನ. ಮುಜಾವರರೇ ಪ್ರಾರ್ಥನೆ ಮುಗಿಸಿ, ಹೋಗಿ ಆ ಡಾಕ್ಟರನ್ನೂ ನೋಡು ಅಂತ ಕಳಿಸ್ತಾರೆ. ದರ್ಗಾದೋರ ಬಾಯಿಂದ ಬಂದಮೇಲೆ ಯಾರೂ ಇಲ್ಲ ಅನ್ನಲ್ಲ. ನನ್ನ ಆಸೆಯೂ ಅದೇ ನೋಡ್ರಿ. ಪ್ರತಿ ಅಮಾಸಿಗೂ ತಪ್ಪದೆ, ಗದ್ದುಗೆ ಪಕ್ಕ ಒಂದು ಮೇಜು ಹಾಕಿ ಮನೋವೈದ್ಯರು ಕೂರಬೇಕು, ವಿಭೂತಿ ಕೊಡೋರೇ ಅವರ ಕಡೆ ಕೈ ತೋರಿಸಬೇಕು. ದೇಶದಲ್ಲಿ 2015–16ರಲ್ಲಿ ನಿಮ್ಹಾನ್ಸ್ ಮಾಡಿದ ಸಮೀಕ್ಷೆ ಪ್ರಕಾರ, ಕಾಯಿಲೆಗೆ ತಕ್ಕ ಹಾಗೆ ನೂರಕ್ಕೆ 70ರಿಂದ 92 ಜನ ಮನೋರೋಗಿಗಳಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ಅವರನ್ನ ಹುಡುಕ್ಕೊಂಡು ಹಳ್ಳಿ ಹಳ್ಳಿ ಅಲೀಬೇಕಾಗಿಲ್ಲ. ಅಮಾಸಿ ದಿನ ಅವರೇ ಬಂದು ತುಂಗಭದ್ರೆ ದಂಡೆ ಮೇಲೆ ಕೂತಿರ್ತಾರೆ.

ಹೊಳೆ ಅಂದಮೇಲೆ ಇನ್ನೊಂದು. ಇದಕ್ಕೆ ನೀವು ಬೇಜಾರು ಮಾಡ್ಕೊಂಡ್ರೂ ನಾನು ಹೇಳ್ತೀನಿ. ಸ್ನಾನ ಆದಮೇಲೆ ಉಟ್ಟ ಸೀರೆ ಹೊಳೇಲಿ ಬಿಡ್ತಾರಲ್ಲ, ಅದು ಬೇಡ. ಪೀಡೆ ಬಟ್ಟೆ ಜೊತೆ ಹೋಗಲಿ ಅನ್ನೋ ಭಾವ ನನಗೆ ಅರ್ಥ ಆಗುತ್ತೆ. ಕಷ್ಟ ಉಟ್ಟುಕೊಂಡು ಹೋದೋಳು ಅದನ್ನ ಬಿಚ್ಚಿ ಬಿಟ್ಟು ಬರಬೇಕು ಅಂದ್ಕೊಳ್ಳೋದು ಎಷ್ಟು ಸಹಜ! ಆದರೆ ಆ ಸೀರೆ ಎಲ್ಲಿಗೆ ಹೋಗುತ್ತೆ? ಈಗಿನ ಸೀರೆ ಹತ್ತಿಯದಲ್ಲ, ಪಾಲಿಯೆಸ್ಟರು, ಕೊಳೆಯೋದಿಲ್ಲ. ಕಲ್ಲಿಗೆ ಸುತ್ಕೊಳ್ಳುತ್ತೆ, ಗಿಡದ ಬೇರಿಗೆ ಸುತ್ಕೊಳ್ಳುತ್ತೆ, ಮೀನಿನ ಬಲೆಗೆ ಸಿಗುತ್ತೆ. ಬೇಸಿಗೆಯಲ್ಲಿ ನೀರು ಇಳಿದಾಗ ಘಟ್ಟದ ಹತ್ತಿರ ನೋಡಿ, ಹೊಳೆ ತಳ ಕಾಣಲ್ಲ, ಬಟ್ಟೆ ರಾಶಿ ಕಾಣುತ್ತೆ. ಶಾಂಪೂ ಚೀಟಿ, ಸೋಪಿನ ಕಾಗದ ಬೇರೆ. 2025ರಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ ದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ನೀರಿಗೆ ಬಟ್ಟೆ ಬಿಡೋದನ್ನ ತಡೀಬೇಕು ಅಂತ ಸೂಚನೆ ಕೊಟ್ಟರು. ಆದೇಶ ಹೊರಡಿಸಿದ್ರೆ ಸಾಲದು, ನಾವು ಕೈ ಬಿಗಿ ಹಿಡೀಬೇಕು.

ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ, ಹೊನ್ನಾಳಿ ದಾಟಿ, ಅಜ್ಜಯ್ಯನ ಪಾದ ತೊಳೆದು, ಆ ಹೊಳೆ ನೇರ ನಮ್ಮ ಕಡೆಗೇ ಬರುತ್ತೆ. ರಾಜನಹಳ್ಳಿ ಹತ್ತಿರ ಪಂಪು ಹಾಕಿ ಎತ್ತಿ ದಾವಣಗೆರೆಗೆ ಕೊಡ್ತಾರೆ. ನಿಮ್ಮ ನಲ್ಲಿ, ನಮ್ಮ ನಲ್ಲಿ. ಆ ಹುಡುಗಿಗೆ ಮಾತ್ರೆ ನುಂಗೋಕೆ ನೀವು ಕೊಡೋ ಲೋಟದ ನೀರೂ ಅದೇ. ಹರಿಹರ ದಾಟಿದ ಮೇಲೆ ಊರ ಚರಂಡಿ, ಕಾರ್ಖಾನೆ ನೀರು ಅಂತ ಆ ಹೊಳೆಗೆ ಇರೋ ಕಷ್ಟವೇ ಸಾಕಷ್ಟಿದೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ನೀರಿನ ಬಗ್ಗೆ ಎಂಬತ್ತರ ದಶಕದಲ್ಲಿ ದಂಡೆ ಹಳ್ಳಿಗಳ ಜನ ಬೀದಿಗಿಳಿದು ಹೋರಾಡಿದ್ದು ನಿಮ್ಮ ಯಜಮಾನರಿಗೆ ನೆನಪಿರುತ್ತೆ, ಕೇಳಿ ನೋಡಿ. ಹೊಳೆಗೆ ಕೈ ಮುಗಿಯೋ ನಾವೇ ಅದರ ಮೇಲೆ ಇನ್ನಷ್ಟು ಹೊರಿಸೋದು ಸರಿಯಲ್ಲ. ಪೂಜೆ ಅಂದ್ರೆ ಕೊಡೋದು, ಹೊಳೆಗೆ ಕೊಡೋಕೆ ನಮ್ಮ ಹತ್ತಿರ ಇರೋದು ಶುಚಿ ಒಂದೇ.

ಹಾಗಾದ್ರೆ ಸೀರೆ ಏನು ಮಾಡೋದು ಅಂತೀರಾ? ನಮ್ಮಜ್ಜಿ ಮಾಡಿದ ಹಾಗೆ ಮಾಡಿ. ಮೂರು ಮುಳುಗು ಹಾಕಿಸಿ, ಒದ್ದೆ ಸೀರೆ ಬಿಡಿಸಿ, ಹೊಸದು ಉಡಿಸಿ. ಒದ್ದೆಯದನ್ನ ಅಲ್ಲೇ ಹಿಂಡಿ, ಅಜ್ಜಯ್ಯಾ, ಹೋಯ್ತು ಅಂತ ಒಂದು ಸಲ ಗಟ್ಟಿಯಾಗಿ ಹೇಳಿ ಕೊಡವಿ. ಪೀಡೆ ಹೋಗೋದು ಮಾತಿಗೆ, ಬಟ್ಟೆಗಲ್ಲ. ಆಮೇಲೆ ಚೀಲಕ್ಕೆ ಹಾಕ್ಕೊಂಡು ಬನ್ನಿ. ಮನೇಲಿ ಬಿಸಿನೀರಲ್ಲಿ ಒಗೆದು, ಬೇಡ ಅನ್ನಿಸಿದ್ರೆ ನೆಲ ಒರೆಸೋಕೆ ಮಾಡ್ಕೊಳ್ಳಿ. ಚಿಕ್ಕಮ್ಮನ ಆ ಸೀರೆಯಲ್ಲೇ ಅಜ್ಜಿ ಕೂಸಿಗೆ ಕೌದಿ ಹೊಲಿದ್ಲು. ಆ ಕೂಸು ಈಗ ಶಿವಮೊಗ್ಗದಲ್ಲಿ ನೌಕರಿ ಮಾಡ್ತಿದೆ.

ಮಳೆಗಾಲ ಬೇರೆ, ಹೊರಡೋ ಮುಂಚೆ ನದಿ ನೀರು ವಿಚಾರಿಸ್ಕೊಳ್ಳಿ. ಹೊಳೆ ಉಕ್ಕಿದಾಗ ಫತ್ತೇಪುರ ಕಡೆ ರಸ್ತೆ ಮುಳುಗುತ್ತೆ, ಸ್ನಾನಘಟ್ಟದ ಅಂಗಡಿಗಳಿಗೂ ನೀರು ಹೋಗುತ್ತೆ. ನೀರು ಜಾಸ್ತಿ ಇದ್ರೆ ದಂಡೆ ಇಳೀಬೇಡಿ, ಚೊಂಬಲ್ಲಿ ಮೊಗೆದು ತಲೆಗೆ ಹಾಕಿದ್ರೂ ಸಾಕು. ಮನಸ್ಸು ನೆಟ್ಟಗಿಲ್ಲದ ಹುಡುಗಿ, ಕೈ ಬಿಡಬೇಡಿ. ರಾತ್ರಿ ಅವಳಿಗೆ ತೀರಾ ಹೆಚ್ಚಾದ್ರೆ, ಸಾಯ್ತೀನಿ ಗೀಯ್ತೀನಿ ಅಂತ ಮಾತು ಬಂದ್ರೆ, ಬೆಳಗಾಗೋವರೆಗೆ ಕಾಯಬೇಡಿ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್ ಅಂತಾರೆ, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಫೋನಿನಲ್ಲಿ ಬರ್ಕೊಳ್ಳಿ ಈಗಲೇ. ವಾಪಸ್ ಬಂದ ಮೇಲೆ ದಾವಣಗೆರೆಯ ಸಿ.ಜಿ. ಆಸ್ಪತ್ರೆಗೆ ಹೋಗೋಣ, ಅಲ್ಲಿ ಮನೋರೋಗದ ವಿಭಾಗ ಇದೆ. ತನ್ನೂರಿಗೆ ಮರಳಿದ ಮೇಲೂ ಅವಳಿಗೆ ಚಿಕಿತ್ಸೆ ತಪ್ಪಬಾರದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಮನೋಚೈತನ್ಯ ಕಾರ್ಯಕ್ರಮ ಇದೆ, ಅವರಮ್ಮನಿಗೆ ಹೇಳಿಡಿ.

ಯಾರು ಯಾರು ಹೊರಟಿದ್ದೀರಿ? ನೀವು, ಅವರಮ್ಮ, ಅಷ್ಟೇನಾ? ಇಬ್ಬರಲ್ಲಿ ಆಗೋ ಕೆಲಸ ಅಲ್ಲ ಅದು. ಒಬ್ಬರು ಅವಳ ಕೈ ಹಿಡೀಬೇಕು, ಒಬ್ಬರು ಸೀರೆ ಹಿಡೀಬೇಕು, ಒಬ್ಬರು ಬುತ್ತಿ ಕಾಯಬೇಕು. ಅವಳು ಬಯ್ದರೆ ಬಯ್ಸಿಕೊಳ್ಳೋಕೂ ಒಂದು ಜನ ಬೇಕು. ನಾನೂ ಬರ್ತೀನಿ. ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆಯಿಂದ. ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಅವಳ ಮಾತ್ರೆ ಚೀಟಿ ನೀವು ಮರೀದೆ ತಗೊಳ್ಳಿ. ಬಸ್ಸು ಎಷ್ಟು ಗಂಟೆಗೆ ಅಂತ ನಾನು ಸ್ಟ್ಯಾಂಡಲ್ಲಿ ವಿಚಾರಿಸ್ತೀನಿ.